ಪಿಎಚ್‌ಡಿಗೆ ಗೈಡ್ ಇರುವಾಗ ಅಡ್ವೈಸರಿ ಕಮಿಟಿ ಯಾಕೆ ಬೇಕು?

ನೀವು ಕೇಳಿರುವುದು ಇಷ್ಟು: ಪಿಎಚ್‌ಡಿಗೆ ಸೇರಿ ಎರಡು ತಿಂಗಳಾಗಿದೆ, ಗೈಡ್ ಒಳ್ಳೆಯವರು, ಈಗ ಆಫೀಸಿನವರು ಅಡ್ವೈಸರಿ ಕಮಿಟಿಗೆ, ಅಂದರೆ ಗೈಡ್ ಜೊತೆಗೆ ನಿಮ್ಮ ಸಂಶೋಧನೆಗೆ ಸಲಹೆ ಕೊಡುವ ಅಧ್ಯಾಪಕರ ಗುಂಪಿಗೆ, ಹೆಸರು ಕೊಡಿ ಅನ್ನುತ್ತಿದ್ದಾರೆ. ಇವರಿಂದ ನಿಜವಾಗಿ ಉಪಯೋಗ ಇದೆಯಾ, ಅಥವಾ ನಿಮ್ಮ ಸೀನಿಯರ್‌ಗಳು ಹೇಳಿದ ಹಾಗೆ ಬರೀ ಸಹಿಗೆ ಇರುವವರಾ?

ಉಪಯೋಗ ಇದೆ. ನನ್ನ ಪಿಎಚ್‌ಡಿಯನ್ನು ಕಮಿಟಿಯ ಇಬ್ಬರು ಉಳಿಸಿಕೊಟ್ಟರು ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಆ ಸಹಾಯ ಸಿಕ್ಕಿದ್ದು ಮೀಟಿಂಗ್‌ನಲ್ಲಿ ಅಲ್ಲ. ಮೀಟಿಂಗ್‌ಗೆ ಮೊದಲು, ಒಬ್ಬೊಬ್ಬರ ಕೋಣೆಗೆ ಹೋಗಿ ಕೂತಾಗ. ಹಾಗೆ ಹೋಗದವರಿಗೆ ಕಮಿಟಿ ಬರೀ ಸಹಿಯಾಗಿಯೇ ಉಳಿಯುತ್ತದೆ. ನಿಮ್ಮ ಸೀನಿಯರ್‌ಗಳು ಸುಳ್ಳು ಹೇಳಿಲ್ಲ, ಅವರಿಗೆ ಆಗಿದ್ದನ್ನು ಹೇಳಿದ್ದಾರೆ.

ನಾನು ಬೇಸಾಯಶಾಸ್ತ್ರದವಳು. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದೆ. ನಮ್ಮ ಕಡೆ ರಾಗಿ ಹೊಲದಲ್ಲಿ ತೊಗರಿ, ಅವರೆಯನ್ನು ಅಕ್ಕಡಿ, ಅಂದರೆ ನಡುನಡುವೆ ಸಾಲು ಬೆಳೆಯಾಗಿ, ಹಾಕುವುದು ಹಳೇ ಪದ್ಧತಿ ಅಲ್ವಾ? ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಹಾಗಾದರೆ ತೊಗರಿ ಅಕ್ಕಡಿ ಇದ್ದಾಗ ರಾಗಿಗೆ ಕೊಡುವ ಸಾರಜನಕ ಗೊಬ್ಬರವನ್ನು ಎಷ್ಟು ಕಡಿಮೆ ಮಾಡಬಹುದು? ಇದು ನನ್ನ ಪ್ರಶ್ನೆ. ಗೈಡ್ ಬೇಸಾಯಶಾಸ್ತ್ರದವರು. ಕಮಿಟಿಯಲ್ಲಿ ಅವರ ಜೊತೆ ನಮ್ಮದೇ ವಿಭಾಗದ ಇನ್ನೊಬ್ಬರು, ಮಣ್ಣು ವಿಜ್ಞಾನದ ಒಬ್ಬ ಮೇಡಂ, ಸಂಖ್ಯಾಶಾಸ್ತ್ರದ ಸರ್, ಕೃಷಿ ಅರ್ಥಶಾಸ್ತ್ರದ ಒಬ್ಬರು.

ಬಿತ್ತನೆಗೆ ಮೂರು ವಾರ ಇರುವಾಗ ಗೈಡ್ ಹೇಳಿದರು, ಲೇಔಟ್, ಅಂದರೆ ಹೊಲದಲ್ಲಿ ಯಾವ ಪ್ಲಾಟ್ ಎಲ್ಲಿ ಅನ್ನುವ ನಕ್ಷೆ, ಬರೆದು ಸಂಖ್ಯಾಶಾಸ್ತ್ರದ ಸರ್‌ಗೆ ತೋರಿಸಿಕೊಂಡು ಬಾ ಅಂತ. ಗ್ರಾಫ್ ಹಾಳೆಯಲ್ಲಿ ಚೆಂದವಾಗಿ ಗೆರೆ ಎಳೆದುಕೊಂಡು ಹೋದೆ. ಐದು ಟ್ರೀಟ್‌ಮೆಂಟ್ (ಹೋಲಿಸಿ ನೋಡುವ ಐದು ಬಗೆ), ಮೂರು ರೆಪ್ಲಿಕೇಷನ್ (ಆ ಐದನ್ನೂ ಮೂರು ಸಲ ಹಾಕುವುದು), ಒಟ್ಟು 15 ಪ್ಲಾಟ್. ಸರ್ ಹಾಳೆ ನೋಡಿದರು. ಅಂಕಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. "ಈ ಹೊಲದಲ್ಲಿ ಮಳೆ ನೀರು ಯಾವ ಕಡೆ ಹರಿಯುತ್ತಮ್ಮ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. "ನೋಡ್ಕೊಂಡು ಬಾ, ಆಮೇಲೆ ಮಾತಾಡೋಣ."

ಎರಡು ದಿನ ಬಿಟ್ಟು ಸಂಜೆ ಒಳ್ಳೆ ಮಳೆ ಬಂತು. ನಿಂತ ಕೂಡಲೇ ಹೋದೆ. ನೀರು ಮೇಲಿನ ಬದುವಿನಿಂದ ಕೆಳಗಿನ ಬದುವಿಗೆ ಕೆಂಪಗೆ ಹರಿಯುತ್ತಿತ್ತು, ನುಣ್ಣನೆ ಮಣ್ಣನ್ನೆಲ್ಲ ಕೆಳಗೆ ತಂದು ಹಾಕುತ್ತಿತ್ತು. ಆ ಹೊಲ ನೋಡಿಕೊಳ್ಳುವ ಅಣ್ಣ ಒಬ್ಬರಿದ್ದರು. "ಮೇಲ್ಗಡೆ ಯಾವಾಗ್ಲೂ ಬೆಳೆ ಬಡಕಲು ಮೇಡಂ, ಕೆಳಗಡೆ ನೋಡಿ, ಗೊಬ್ಬರ ಹಾಕ್ದಿದ್ರೂ ಬರುತ್ತೆ" ಅಂದರು.

ಮರುದಿನ ಸರ್‌ಗೆ ಹೇಳಿದೆ. ಅವರು ನನ್ನ ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಅಡ್ಡಕ್ಕೆ ತಿರುಗಿಸಿದರು. ಮಾಡಿದ್ದು ಅಷ್ಟೇ. ನಾನು ಬರೆದಿದ್ದ ಹಾಗೆ ಒಂದೊಂದು ಬ್ಲಾಕ್ (ಐದೂ ಟ್ರೀಟ್‌ಮೆಂಟ್ ಒಂದೊಂದು ಸಲ ಬರುವ ಪ್ಲಾಟ್‌ಗಳ ಗುಂಪು) ಕೂಡ ಮೇಲಿನಿಂದ ಕೆಳಗಿನವರೆಗೆ ಇಳಿಜಾರಿನ ಉದ್ದಕ್ಕೆ ಇತ್ತು. ಅಂದರೆ ಒಂದೇ ಬ್ಲಾಕಿನಲ್ಲಿ ಒಂದು ಟ್ರೀಟ್‌ಮೆಂಟ್ ಬಡಕಲು ಮಣ್ಣಿನಲ್ಲಿ, ಇನ್ನೊಂದು ಒಳ್ಳೆ ಮಣ್ಣಿನಲ್ಲಿ. ಇಳುವರಿ ಜಾಸ್ತಿ ಬಂದರೆ ಅದು ಗೊಬ್ಬರದಿಂದಲೋ ಮಣ್ಣಿನಿಂದಲೋ ಹೇಳಲು ಆಗುತ್ತಿರಲಿಲ್ಲ. ತಿರುಗಿಸಿದ ಮೇಲೆ ಬ್ಲಾಕ್‌ಗಳು ಇಳಿಜಾರಿಗೆ ಅಡ್ಡಲಾಗಿ ಬಂದವು. ಒಂದು ಬ್ಲಾಕಿನ ಐದೂ ಪ್ಲಾಟ್ ಒಂದೇ ಮಟ್ಟದಲ್ಲಿ.

ಆಮೇಲೆ ಪೆನ್ನು ತೆಗೆದು ಒಂದು ಲೆಕ್ಕ ಹಾಕಿದರು. ಐದು ಟ್ರೀಟ್‌ಮೆಂಟ್‌ಗೆ ಮೂರು ರೆಪ್ಲಿಕೇಷನ್ ಆದರೆ ಎರರ್‌ಗೆ, ಅಂದರೆ ಟ್ರೀಟ್‌ಮೆಂಟ್‌ನಿಂದಲ್ಲದ ಏರಿಳಿತವನ್ನು ಅಂದಾಜು ಮಾಡಲು, ಉಳಿಯುವ ಡಿಗ್ರಿ ಆಫ್ ಫ್ರೀಡಮ್ (ಸ್ವತಂತ್ರ ಮಾಹಿತಿಯ ಎಣಿಕೆ) 4 ಗುಣಿಸು 2, ಅಂದರೆ 8. ಇದು ಕಡಿಮೆಯಾದಷ್ಟೂ ಫಲಿತಾಂಶವನ್ನು ನಂಬುವುದು ಕಷ್ಟ. ಹೊಲದ ಪ್ರಯೋಗದಲ್ಲಿ ಕನಿಷ್ಠ 12 ಇರಲಿ ಅನ್ನುವುದು ರೂಢಿ. ನಾಲ್ಕು ರೆಪ್ಲಿಕೇಷನ್ ಮಾಡಿದರೆ ಸರಿಯಾಗಿ 12 ಆಗುತ್ತದೆ. ಐದು ಪ್ಲಾಟ್ ಜಾಸ್ತಿ, 15ರ ಬದಲು 20. ಆ ಐದು ಪ್ಲಾಟಿನ ಕೆಲಸಕ್ಕೆ ನಾನು ಎರಡು ಮುಂಗಾರು ಬೆವರು ಸುರಿಸಿದ್ದೇನೆ. ಒಂದು ದಿನವೂ ಬೇಸರ ಆಗಲಿಲ್ಲ. ಯಾಕೆಂದರೆ ಯಾತಕ್ಕೆ ಮಾಡುತ್ತಿದ್ದೇನೆ ಅಂತ ಗೊತ್ತಿತ್ತು.

ಅದೇ ವಾರ ಮಣ್ಣು ವಿಜ್ಞಾನದ ಮೇಡಂ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ: "ಮಣ್ಣಿನ ಸ್ಯಾಂಪಲ್ ತೆಗೆದಿದೀಯಾ?" ಬಿತ್ತನೆ ಆದ ಮೇಲೆ ತೆಗೆಯೋಣ ಅಂತಿದ್ದೆ ಮೇಡಂ, ಅಂದೆ. "ಬಿತ್ತಿದ ಮೇಲೆ ಬಿತ್ತೋಕ್ ಮುಂಚಿನ ಮಣ್ಣು ಎಲ್ಲಿ ಸಿಗುತ್ತೆ?" ಅಂದರು. ಗೊಬ್ಬರ ಬಿದ್ದ ಮೇಲೆ ಆ ಮಣ್ಣೇ ಬೇರೆ. ಸಾರಜನಕದ ಲೆಕ್ಕ ಹಾಕಬೇಕಾದವಳ ಹತ್ತಿರ ಮೊದಲು ಎಷ್ಟಿತ್ತು ಅನ್ನುವ ಅಂಕಿಯೇ ಇಲ್ಲದಿದ್ದರೆ ಎರಡು ವರ್ಷದ ಕೆಲಸಕ್ಕೆ ಬುಡವೇ ಇಲ್ಲ. 0ರಿಂದ 15 ಸೆಂಟಿಮೀಟರ್, 15ರಿಂದ 30 ಸೆಂಟಿಮೀಟರ್, ಎರಡು ಆಳದಿಂದ ಬೇರೆ ಬೇರೆಯಾಗಿ ತೆಗೆಯಲು ಹೇಳಿದರು. ನೈಟ್ರೇಟ್ ನೋಡುವ ಮಣ್ಣನ್ನು ಹೊಲದಿಂದ ಲ್ಯಾಬಿಗೆ ತರುವಾಗ ಐಸ್ ಇಟ್ಟ ಡಬ್ಬಿಯಲ್ಲೇ ತರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಮಣ್ಣಿನ ಸೂಕ್ಷ್ಮಜೀವಿಗಳು ಅಂಕಿ ಬದಲಾಯಿಸಿಬಿಡುತ್ತವೆ ಅಂದರು. ಇದೆಲ್ಲ ಪುಸ್ತಕದಲ್ಲಿ ಇದೆ. ಆದರೆ ಸರಿಯಾದ ವಾರದಲ್ಲಿ ನೆನಪು ಮಾಡುವವರು ಬೇಕು.

ಈಗ ನಾನು ತಪ್ಪಿದ ಕಡೆ. ಅರ್ಥಶಾಸ್ತ್ರದವರನ್ನು ಮೊದಲ ವರ್ಷ ಮಾತಾಡಿಸಲೇ ಇಲ್ಲ. ಲಾಭ ನಷ್ಟದ ಲೆಕ್ಕ ಕೊನೆಯಲ್ಲಿ ಹಾಕುವುದು ತಾನೇ, ಆಮೇಲೆ ಹೋದರಾಯಿತು ಅಂದುಕೊಂಡಿದ್ದೆ. ಎರಡನೇ ವರ್ಷದ ಮೀಟಿಂಗ್‌ನಲ್ಲಿ ಅವರು ಕೇಳಿದರು, ಕಳೆ ತೆಗೆಯಲು ಪ್ರತಿ ಟ್ರೀಟ್‌ಮೆಂಟ್‌ಗೆ ಎಷ್ಟು ಆಳು ಹಿಡಿಯಿತು? ತೊಗರಿ ಸಾಲು ಇದ್ದ ಕಡೆ ಕುಂಟೆ ಹಾಯಿಸಲು ಎಷ್ಟು ಹೊತ್ತು? ನನ್ನ ಹತ್ತಿರ ಇರಲಿಲ್ಲ. ಕೆಲಸ ನಡೆಯುವಾಗಲೇ ಬರೆದಿಡಬೇಕಾದ ಲೆಕ್ಕ ಅದು. ಮೊದಲ ವರ್ಷದ್ದು ಹೋದದ್ದು ಹೋಯಿತು. ನನ್ನ ಥೀಸಿಸ್‌ನ ಆ ಅಧ್ಯಾಯದಲ್ಲಿ ಒಂದೇ ಹಂಗಾಮಿನ ಅಂಕಿ ಇದೆ. ಒಂದು ಸಲ ಅವರ ಕೋಣೆಗೆ ಹೋಗಿ ಅರ್ಧ ಗಂಟೆ ಕೂತಿದ್ದರೆ ಹೀಗಾಗುತ್ತಿರಲಿಲ್ಲ.

ಕಮಿಟಿಯ ಇನ್ನೊಂದು ಕೆಲಸ ನನಗೆ ಅರ್ಥವಾಗಿದ್ದು ಗೈಡ್‌ಗೆ ವರ್ಗ ಆದಾಗ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರನ್ನು ದೂರದ ಸಂಶೋಧನಾ ಕೇಂದ್ರಗಳಿಗೆ ಹಾಕುವುದು ಮಾಮೂಲಿ. ಎರಡನೇ ಬೆಳೆ ಹೊಲದಲ್ಲಿ ನಿಂತಿದೆ, ಗೈಡ್ ಬೇರೆ ಜಿಲ್ಲೆಯಲ್ಲಿ. ಫೋನಿನಲ್ಲಿ ಸಿಗುತ್ತಿದ್ದರು, ನಿಜ. ಆದರೆ ಲ್ಯಾಬಿನ ಕೆಮಿಕಲ್ ಇಂಡೆಂಟ್‌ಗೆ, ಫೆಲೋಶಿಪ್ ಕಾಗದಕ್ಕೆ ಸಹಿ ಯಾರು ಹಾಕಬೇಕು? ಆಗ ಮಣ್ಣು ವಿಜ್ಞಾನದ ಮೇಡಂ ಕೋ-ಗೈಡ್ ಆಗಲು ಒಪ್ಪಿದರು. ಅವರಿಗೆ ನನ್ನ ಪ್ರಯೋಗ ಮೊದಲ ದಿನದಿಂದ ಗೊತ್ತಿತ್ತು, ಹೊಸದಾಗಿ ವಿವರಿಸುವುದು ಏನೂ ಇರಲಿಲ್ಲ. ಮೀಟಿಂಗ್‌ನಲ್ಲಿ ಮಾತ್ರ ಮುಖ ನೋಡಿದ್ದರೆ ಅವರು ಹಾಗೆ ಮುಂದೆ ಬರುತ್ತಿದ್ದರಾ? ನನಗೆ ಅನುಮಾನ.

ನಿಮ್ಮದು ಕೃಷಿ ವಿಶ್ವವಿದ್ಯಾಲಯ ಅಲ್ಲದಿದ್ದರೆ ಹೆಸರು ಬೇರೆ ಇರುತ್ತದೆ. ಮದ್ರಾಸ್ ಐಐಟಿಯಲ್ಲಿ ಡಾಕ್ಟೋರಲ್ ಕಮಿಟಿ ಅನ್ನುತ್ತಾರೆ, ದೆಹಲಿ ಐಐಟಿಯಲ್ಲಿ ಸ್ಟೂಡೆಂಟ್ ರಿಸರ್ಚ್ ಕಮಿಟಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಅದು ರಿಸರ್ಚ್ ಅಡ್ವೈಸರಿ ಕಮಿಟಿ, ಎಲ್ಲರೂ ಆರ್‌ಎಸಿ ಅನ್ನುತ್ತಾರೆ. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ ಪಿಎಚ್‌ಡಿ ನಿಯಮಗಳನ್ನು ದಯವಿಟ್ಟು ಒಮ್ಮೆ ಪೂರ್ತಿ ಓದಿ. ಅದರಲ್ಲಿ ಆರ್‌ಎಸಿ ಬಗ್ಗೆ ಇರುವ ಭಾಗ ಚಿಕ್ಕದು, ಆದರೆ ನಿಮ್ಮ ಪರವಾಗಿ ಇರುವಂಥದ್ದು. ಸಂಶೋಧನೆಯ ವಿಷಯ ಅಂತಿಮ ಮಾಡುವುದು, ವಿಧಾನ ರೂಪಿಸಲು ದಾರಿ ತೋರಿಸುವುದು, ಯಾವ ಕೋರ್ಸ್ ಓದಬೇಕು ಅಂತ ಗುರುತಿಸುವುದು ಅವರ ಕೆಲಸ. ಪ್ರತಿ ಸೆಮಿಸ್ಟರ್ ನೀವು ಅವರ ಮುಂದೆ ಪ್ರೆಸೆಂಟೇಷನ್ ಕೊಟ್ಟು ಚಿಕ್ಕ ವರದಿ ಸಲ್ಲಿಸಬೇಕು. ಅವರ ಶಿಫಾರಸಿನ ಒಂದು ಪ್ರತಿ ನಿಮಗೂ ಸಿಗಬೇಕು. ಪ್ರಗತಿ ಸಾಲದು ಅಂತ ಅನ್ನಿಸಿದರೆ ಸುಮ್ನೆ ಹಾಗಂದು ಬಿಡುವಂತಿಲ್ಲ. ಕಾರಣ ಬರೆಯಬೇಕು, ಸರಿಪಡಿಸುವ ದಾರಿಯನ್ನೂ ಸೂಚಿಸಬೇಕು. ಅದನ್ನು ನೀವು ಪಾಲಿಸದಿದ್ದರೆ ಮಾತ್ರ ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು, ಅದಕ್ಕೂ ನಿರ್ದಿಷ್ಟ ಕಾರಣ ಕೊಡಬೇಕು.

ಆ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ, ಫೈಲಿನಲ್ಲಿ ಇಡಿ. ತುಂಬಾ ಜನ ಕೇಳುವುದೇ ಇಲ್ಲ. ನನ್ನ ಗೆಳತಿಯೊಬ್ಬಳ ವಿಷಯ ಹೇಳುತ್ತೇನೆ. ಕೆಲಸ ಮುಗಿಯುವ ಹಂತದಲ್ಲಿ ಒಬ್ಬ ಸದಸ್ಯರು, ಇನ್ನೊಂದು ಬೆಳೆಯನ್ನೂ ಸೇರಿಸು ಅಂದರು. ಅಂದರೆ ಇನ್ನೂ ಒಂದು ವರ್ಷ. ಅವಳು ಅಳುತ್ತಾ ಹಾಸ್ಟೆಲಿಗೆ ಬಂದಳು. ಆಮೇಲೆ ಇಬ್ಬರೂ ಕೂತು ಹಳೆಯ ಕಾಗದ ಹುಡುಕಿದೆವು. ಮೊದಲ ವರ್ಷವೇ ಎಲ್ಲರೂ ಒಪ್ಪಿ ಸಹಿ ಹಾಕಿದ ಸಂಶೋಧನಾ ಯೋಜನೆ ಸಿಕ್ಕಿತು. ಅದರಲ್ಲಿ ಒಂದೇ ಬೆಳೆ ಇತ್ತು, ಆ ಸದಸ್ಯರ ಸಹಿಯೂ ಇತ್ತು. ಅವಳ ಗೈಡ್ ಆ ಹಾಳೆಯನ್ನು ಮುಂದಿನ ಮೀಟಿಂಗ್‌ನಲ್ಲಿ ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಮಾತು ಅಲ್ಲಿಗೇ ನಿಂತಿತು.

ಹೆಸರು ಕೊಡುವ ವಿಷಯಕ್ಕೆ ಬರೋಣ, ನಿಮಗೆ ಈಗ ತುರ್ತಾಗಿ ಬೇಕಿರುವುದು ಅದೇ. ಕೆಲವು ಕಡೆ ವಿದ್ಯಾರ್ಥಿಯ ಮಾತು ನಡೆಯುವುದಿಲ್ಲ, ಕೆಲವು ಕಡೆ ಗೈಡ್ ಕೇಳುತ್ತಾರೆ. ಕೇಳಿದರೆ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ನಿಮ್ಮ ಗೈಡ್‌ಗೆ ಬಾರದ್ದು ಯಾವುದು, ನಿಮ್ಮ ಕೆಲಸಕ್ಕೆ ಬೇಕಾದ್ದು ಯಾವುದು, ಅದು ಬಲ್ಲವರನ್ನು ನೋಡಿ. ಅವರ ವಿದ್ಯಾರ್ಥಿಗಳನ್ನು ಕೇಳಿ: ಸರ್ ಕಳಿಸಿದ ಅಧ್ಯಾಯ ಓದುತ್ತಾರಾ? ಮೇಡಂ ಕೋಣೆಯಲ್ಲಿ ಸಿಗುತ್ತಾರಾ? ಮತ್ತೆ, ನಿಮ್ಮ ಗೈಡ್ ಜೊತೆ ಮಾತು ಬಿಟ್ಟವರು ಕಮಿಟಿಯಲ್ಲಿ ಇಲ್ಲದ ಹಾಗೆ ನೋಡಿಕೊಳ್ಳಿ. ಅವರಿಬ್ಬರ ಜಗಳಕ್ಕೆ ನಿಮ್ಮ ಥೀಸಿಸ್ ಬಲಿಯಾಗಬಾರದು.

ಮೀಟಿಂಗ್‌ಗೆ ಒಂದು ವಾರ ಮೊದಲೇ ಎರಡು ಪುಟದ ವರದಿ ಕಳಿಸಿ. ಮೊದಲ ಪ್ಯಾರಾದಲ್ಲಿ ಹೋದ ಸಲ ನೀವು ಇಂತಿಂಥದ್ದು ಹೇಳಿದ್ದಿರಿ, ನಾನು ಇಷ್ಟು ಮಾಡಿದ್ದೇನೆ, ಇದನ್ನು ಮಾಡಲಾಗಲಿಲ್ಲ, ಕಾರಣ ಇದು ಅಂತ ಬರೆಯಿರಿ. ಈಗ ನಾನೂ ಕೆಲವು ವಿದ್ಯಾರ್ಥಿಗಳ ಕಮಿಟಿಯಲ್ಲಿ ಇದ್ದೇನೆ. ಹಾಗೆ ಬರೆದು ತಂದವರ ಕೆಲಸವನ್ನು ಓದದೆ ಮೀಟಿಂಗ್‌ಗೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕೆಟ್ಟುಹೋದ ಪ್ರಯೋಗವನ್ನೂ ಮುಚ್ಚಿಡಬೇಡಿ. ಬೆಳೆ ಒಣಗಿತು, ಯಂತ್ರ ಕೆಟ್ಟಿತು, ಅಂಕಿ ಅರ್ಥ ಆಗುತ್ತಿಲ್ಲ, ಏನೇ ಇರಲಿ ಹೇಳಿ. ಬರೀ ಚೆಂದದ ಗ್ರಾಫ್ ತೋರಿಸಿ ಹೋದರೆ ನಾವು ತಲೆ ಆಡಿಸಿ ಸಹಿ ಹಾಕುತ್ತೇವೆ, ಇನ್ನೇನು ಮಾಡಲು ಸಾಧ್ಯ?

ಗೈಡ್ ಒಂದು ಹೇಳಿ ಸದಸ್ಯರು ಇನ್ನೊಂದು ಹೇಳಿದರೆ ಅಲ್ಲೇ ಯಾರ ಪರವನ್ನೂ ವಹಿಸಬೇಡಿ. ಎರಡನ್ನೂ ಬರೆದುಕೊಳ್ಳಿ, ಮರುದಿನ ಗೈಡ್ ಹತ್ತಿರ ಕೂತು ಮಾತಾಡಿ, ತೀರ್ಮಾನವನ್ನು ಮೇಲ್‌ನಲ್ಲಿ ಎಲ್ಲರಿಗೂ ತಿಳಿಸಿ. ಗೈಡ್ ಜೊತೆಗೇ ತೊಂದರೆ ಇದ್ದರೆ ಕಮಿಟಿಯ ಹಿರಿಯರೊಬ್ಬರಿಗೆ ಮೆಲ್ಲಗೆ ಹೇಳಿ ನೋಡಿ. ಎಲ್ಲ ಸಲವೂ ಬಗೆಹರಿಯುತ್ತದೆ ಅನ್ನಲಾರೆ. ಆರ್‌ಎಸಿಯ ಸಂಚಾಲಕರು ಗೈಡ್ ಆಗಿಯೇ ಇರುತ್ತಾರೆ, ಹಾಗಾಗಿ ಉಳಿದವರು ಮಾತಾಡಲು ಹಿಂಜರಿಯುವುದೂ ಉಂಟು. ಆದರೂ ನಿಮ್ಮ ಕೆಲಸ ಬಲ್ಲ ಇನ್ನೊಬ್ಬ ದೊಡ್ಡವರು ಇದ್ದಾರೆ ಅನ್ನುವುದು ಎಷ್ಟು ಧೈರ್ಯ ಕೊಡುತ್ತದೆ ಅಂತ ನಾನು ನೋಡಿದ್ದೇನೆ.

ಮದುವೆ, ಹೆರಿಗೆ, ಮನೆಯಲ್ಲಿ ಕಾಯಿಲೆ, ಇದನ್ನೂ ಕಮಿಟಿಗೆ ತಿಳಿಸಿ, ನಾಚಿಕೆ ಬೇಡ. ಯುಜಿಸಿ ನಿಯಮದಲ್ಲೇ ಮಹಿಳೆಯರಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಮೊದಲೇ ಗೊತ್ತಿದ್ದರೆ ಹೊಲದ ಕೆಲಸ ಯಾವ ಹಂಗಾಮಿಗೆ, ಬರವಣಿಗೆ ಯಾವಾಗ ಅಂತ ಹಿಂದೆ ಮುಂದೆ ಮಾಡಬಹುದು.

ನೀವು ಯಾವ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೀರಿ ಅಂತ ಬರೆದಿಲ್ಲ. ಅದನ್ನೂ, ನಿಮ್ಮ ಗೈಡ್ ಯಾವುದರಲ್ಲಿ ಪಳಗಿದವರು ಅನ್ನುವುದನ್ನೂ ಕಾಮೆಂಟ್‌ನಲ್ಲಿ ತಿಳಿಸಿ. ಯಾವ ಯಾವ ವಿಭಾಗದವರನ್ನು ಕೇಳಬಹುದು ಅಂತ ನನಗೆ ತೋಚಿದ್ದನ್ನು ಬರೆಯುತ್ತೇನೆ. ಆಫೀಸಿನವರಿಗೆ ಹೆಸರು ಕೊಡಲು ಇನ್ನೂ ಎಷ್ಟು ದಿನ ಇದೆ?