ಅಟ್ಟದ ಬೆಕ್ಕುಗಳನ್ನು ಗೋಣಿಚೀಲಕ್ಕೆ ತುಂಬಬೇಡಿ

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಯಾರೂ ಸಾಕದ ನಾಲ್ಕೈದು ಬೆಕ್ಕುಗಳು ಕೊಟ್ಟಿಗೆ, ಅಟ್ಟದಲ್ಲಿ ಬೀಡುಬಿಟ್ಟಿವೆ. ಹತ್ತಿರ ಹೋದರೆ ಬುಸ್ ಅನ್ನುತ್ತವೆ. ಹೂವಿನ ಕುಂಡದಲ್ಲಿ ಗಲೀಜು, ರಾತ್ರಿಯಿಡೀ ಜಗಳ, ಈಗ ಒಂದು ಮರಿ ಬೇರೆ ಹಾಕಿದೆ. ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬನ್ನಿ ಅಂತಾರೆ ಪಕ್ಕದವರು. ನಮ್ಮದೇ ಜಾಗ ಅಲ್ವಾ, ತಪ್ಪಾಗುತ್ತಾ?

ಉತ್ತರ: ಹಿಡಿಯುವುದು ತಪ್ಪಲ್ಲ. ಚೀಲಕ್ಕೆ ತುಂಬಿ ಎಲ್ಲೋ ಬಿಟ್ಟು ಬರುವುದು ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ನೋಡಿ: ಪ್ರಾಣಿ ನರಳುವ ಹಾಗೆ ಸಾಗಿಸುವುದೂ, ಹಸಿವು ಬಾಯಾರಿಕೆಯಿಂದ ಸಂಕಟಪಡುವ ಹಾಗೆ ಬಿಟ್ಟುಬಿಡುವುದೂ ಕ್ರೌರ್ಯವೇ. ಜಾಗ ನಿಮ್ಮ ಹೆಸರಲ್ಲಿದ್ದರೂ ಅಷ್ಟೇ. ಇನ್ನು ವಿಷದ ಯೋಚನೆಯನ್ನಂತೂ ದಯವಿಟ್ಟು ಯಾರೂ ಮಾಡಬೇಡಿ. ಪ್ರಾಣಿಯನ್ನು ಕೊಲ್ಲುವುದು, ವಿಷವಿಡುವುದು, ಅಂಗ ಊನ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಕಾನೂನು ಹಾಗಿರಲಿ, ಬಿಟ್ಟು ಬಂದರೆ ಉಪಯೋಗವೂ ಇಲ್ಲ. ಬೆಚ್ಚಗಿನ ಅಟ್ಟ, ಕೊಟ್ಟಿಗೆಯ ಇಲಿ ಹಾಗೇ ಇರುತ್ತವಲ್ಲ, ಸ್ವಲ್ಪ ದಿನಕ್ಕೇ ಬೇರೆ ಬೆಕ್ಕು ಬಂದು ಸೇರುತ್ತದೆ. ಹೊಳೆಯಾಚೆ ಹೋದವು ಗುರುತಿಲ್ಲದ ಜಾಗದಲ್ಲಿ ಹಸಿದು ಸಾಯಬಹುದು, ಇಲ್ಲವೇ ವಾಪಸ್ ಬರಲು ಹೋಗಿ ಗಾಡಿಯಡಿ ಸಿಗಬಹುದು.

ಮಾಡಬೇಕಾದದ್ದು ಸಂತಾನಹರಣ. ಹಿಡಿದು, ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಅದೇ ಕೊಟ್ಟಿಗೆಗೆ ವಾಪಸ್ ಬಿಡಿ. ಬೆಕ್ಕಿನ ಗರ್ಭ ಬರೀ 9 ವಾರ. ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಮರಿಗೆ ಹಾಲು ಕುಡಿಸುತ್ತಲೇ ತಾಯಿ ಮತ್ತೆ ಗಬ್ಬ ಕಟ್ಟಬಹುದು. ಹಾಗಾಗಿ ಒಂದೆರಡಕ್ಕೆ ಮಾಡಿಸಿ ಸುಮ್ನೆ ಕೂತರೆ ಸಾಲದು, ಎಲ್ಲಕ್ಕೂ ಆಗಬೇಕು. ಗಂಡುಗಳಿಗೆ ಮಾಡಿಸಿದರೆ ರಾತ್ರಿಯ ಕೂಗಾಟ, ಗೋಡೆಗೆ ಉಚ್ಚೆ ಹಾರಿಸುವುದೂ ಜಾಸ್ತಿ ಮಟ್ಟಿಗೆ ತಗ್ಗುತ್ತದೆ.

ಬರಿಗೈಲಿ ಹಿಡಿಯಲು ಹೋಗಬೇಡಿ. ಕಬ್ಬಿಣದ ಜಾಲರಿಯ ಬೋನು ತನ್ನಿ, ಬಾಗಿಲು ಬೀಳದ ಹಾಗೆ ದಾರದಲ್ಲಿ ಕಟ್ಟಿಡಿ. ಕೆಳಗೆ ಪೇಪರ್ ಹಾಸಿ, ದಿನಾ ಒಂದೇ ಹೊತ್ತಿಗೆ ಒಳಗೇ ಊಟ ಇಡಿ. ಒಣಮೀನಿನ ವಾಸನೆಗೆ ಎಂಥ ಅಂಜುಬುರುಕ ಬೆಕ್ಕೂ ಬರುತ್ತದೆ. ಕೆಲವು ದಿನ ಹೀಗೆ ನಿರ್ಭಯವಾಗಿ ಒಳಗೆ ಹೋಗಿ ತಿಂದು ಬರಲಿ. ಮೊದಲೇ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಂಡು, ಹಿಂದಿನ ಸಂಜೆ ದಾರ ಬಿಚ್ಚಿ. ಬಾಗಿಲು ಬಿದ್ದ ತಕ್ಷಣ ಬೆಕ್ಕು ಹುಚ್ಚೆದ್ದು ಜಾಲರಿಗೆ ಮೂತಿ ಗುದ್ದಿಕೊಳ್ಳುತ್ತದೆ, ಆಗ ಇಡೀ ಬೋನಿನ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿಬಿಡಿ. ಕತ್ತಲಾದರೆ ತಣ್ಣಗಾಗುತ್ತದೆ.

ಡಾಕ್ಟರಿಗೆ ಎರಡು ಮಾತು ಹೇಳಲೇಬೇಕು. ಇದನ್ನು ಮತ್ತೆ ಹಿಡಿದು ತರಲು ಆಗುವುದಿಲ್ಲ, ತಾನಾಗೇ ಕರಗುವ ಹೊಲಿಗೆ ಹಾಕಿ ಅನ್ನಿ. ಕಿವಿಯ ತುದಿಯನ್ನು ಅರಿವಳಿಕೆಯಲ್ಲಿರುವಾಗಲೇ ನೇರವಾಗಿ ಸ್ವಲ್ಪ ಕತ್ತರಿಸಲು ಹೇಳಿ, ಮುಂದೆ ದೂರದಿಂದಲೇ ಗುರುತು ಸಿಗುತ್ತದೆ. ಆಮೇಲೆ ಹೆಣ್ಣನ್ನು ಒಂದೆರಡು ದಿನ ನೋಡಿಕೊಂಡು, ಪೂರ್ತಿ ಎಚ್ಚರವಾಗಿ ಊಟ ಮಾಡಿದ ಮೇಲೆ ಬಿಡಿ.

ಹಾಲೂಡಿಸುವ ತಾಯಿಯನ್ನು ಈಗಲೇ ಹಿಡಿಯಬೇಡಿ, ಮರಿಗಳು ಅಟ್ಟದಲ್ಲೇ ಸಾಯುತ್ತವೆ. ಅವು ತಾವೇ ತಿನ್ನಲು ಕಲಿಯುವವರೆಗೆ, ಅಂದರೆ ಐದಾರು ವಾರ ಕಾಯಿರಿ. ಎಂಟು ವಾರದೊಳಗಿನ ಮರಿಗಳು ಮನುಷ್ಯರಿಗೆ ಬೇಗ ಒಗ್ಗುತ್ತವೆ, ಅವಕ್ಕೆ ಒಳ್ಳೆ ಮನೆ ಹುಡುಕಿ ಕೊಡಿ. ದೊಡ್ಡವು ಮಡಿಲಿಗೆ ಬರುವ ಬೆಕ್ಕಾಗುವುದು ಕಷ್ಟ, ಅವು ಕೊಟ್ಟಿಗೆಯಲ್ಲೇ ಇರಲಿ.

ಕುಂಡಕ್ಕೆ ನಿಂಬೆಗಿಡದ ಮುಳ್ಳುಕಡ್ಡಿ ಹರಡಿ, ಕೆದಕಲು ಬರುವುದಿಲ್ಲ. ನುಸಿಗುಳಿಗೆ, ಫಿನಾಯಿಲ್ ಬೇಡವೇ ಬೇಡ, ಎರಡೂ ಬೆಕ್ಕಿಗೆ ವಿಷ. ಅಟ್ಟದ ಕಿಂಡಿ ಮುಚ್ಚುವ ಮುಂಚೆ ಒಳಗೆ ಮರಿ ಉಳಿದಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿ. ಪರಚಿದರೆ ಅಥವಾ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಶುರು ಮಾಡಿ.

ಪ್ರಶ್ನೆ: ಸಕಲೇಶಪುರದ ತೋಟದಲ್ಲಿ ಕೋಳಿ ಮಾಯವಾಗುತ್ತಿವೆ ಅಂತ ಬೋನು ಇಟ್ಟಿದ್ದೆವು. ಬಿದ್ದಿರುವುದು ಊರ ಬೆಕ್ಕಿನ ಹಾಗೆ ಕಾಣುತ್ತಿಲ್ಲ. ಏನು ಮಾಡೋದು?

ಉತ್ತರ: ಕಾಲು ಉದ್ದ, ಮೈಮೇಲೆ ಎದ್ದು ಕಾಣುವ ಪಟ್ಟೆಯಿಲ್ಲದ ಮಾಸಲು ಕಂದು ಬಣ್ಣ, ಕಿವಿತುದಿಯಲ್ಲಿ ಸಣ್ಣ ಕಪ್ಪು ಕುಚ್ಚು, ಮೋಟು ಬಾಲದ ಕೊನೆಗೆ ಕಪ್ಪು ಬಳೆ ಇದ್ದರೆ ಅದು ಕಾಡುಬೆಕ್ಕು. ಮೂತಿ ಚೂಪಾಗಿ, ಮೈ ಉದ್ದವಾಗಿದ್ದರೆ ಪುನುಗು ಇರಬಹುದು. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇಟ್ಟುಕೊಳ್ಳುವುದು, ಸಾಗಿಸುವುದು, ಫೋಟೋಗೆ ಅಂತ ಊರವರನ್ನೆಲ್ಲ ಸೇರಿಸುವುದು ಬೇಡ. ಬೋನಿಗೆ ಬಟ್ಟೆ ಹೊದಿಸಿ ನೆರಳಲ್ಲಿಟ್ಟು ಈಗಲೇ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಕೋಳಿಗೂಡಿಗೆ ಗಟ್ಟಿ ವೆಲ್ಡ್ ಮೆಶ್ ಹೊಡೆಸಿ, ಒಂದು ಅಡಿ ಮಣ್ಣೊಳಗೂ ಇಳಿಸಿ. ಸಂಜೆ ಕತ್ತಲಾಗುವ ಮುಂಚೆ ಕೋಳಿಗಳನ್ನು ಒಳಗೆ ಹಾಕಿ ಚಿಲಕ ಹಾಕಿ.