ಜೆಲ್ ಪ್ಲೇಟ್: ಒಂದು ಸಲಕ್ಕೆ ಒಬ್ಬರ ಒಂದೇ ವಿಧಾನ

ಐದು ಕಲಾವಿದರ ವಿಡಿಯೊ ನೋಡಿ ಮಾಡಿದರೂ ಜೆಲ್ ಪ್ಲೇಟಿನ (ರೋಲರಿನಿಂದ ಬಣ್ಣ ಹರಡಿ, ಕಾಗದ ಒತ್ತಿ ಅಚ್ಚು ತೆಗೆಯುವ ಮೆತ್ತನೆಯ ಹಲಗೆ) ಅಚ್ಚೆಲ್ಲ ಕೆಸರು ಬಣ್ಣ, ಮ್ಯಾಗಜಿನ್ ಚಿತ್ರವಂತೂ ಇಳಿಯುವುದೇ ಇಲ್ಲ ಎಂದಿದ್ದೀರಿ. ಇನ್ನೊಬ್ಬರ ವಿಧಾನ ಎತ್ತಿಕೊಳ್ಳಬಹುದೇ ಎಂಬ ಅಳುಕು ಬೇರೆ. ಅದು ಆಮೇಲೆ, ಮೊದಲು ಕೆಸರು.

ನಿಮ್ಮ ಫೋಟೊದಲ್ಲಿ ಒಂದೇ ಹಾಳೆಯ ಮೇಲೆ ಸ್ಟೆನ್ಸಿಲ್, ಎಲೆ, ದಾರ, ಗೋಣಿತಾಟು ನಾಲ್ಕೂ ಇವೆ. ಯಾವುದು ಕೆಟ್ಟಿತೆಂದು ತಿಳಿಯುವುದಾದರೂ ಹೇಗೆ? ಒಬ್ಬರ ಒಂದೇ ವಿಧಾನ ಹಿಡಿದು ಹತ್ತು ಹಾಳೆ ತೆಗೆಯಿರಿ. ಪ್ರತಿ ಸಲ ಬಣ್ಣದ ಪ್ರಮಾಣವನ್ನೋ, ಕಾಗದವನ್ನೋ, ಕಾಯುವ ಹೊತ್ತನ್ನೋ ಒಂದನ್ನು ಮಾತ್ರ ಬದಲಿಸಿ, ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಹಸಿ ಕೆಂಪಿನ ಮೇಲೆ ಹಸಿರು ಉರುಳಿಸಿದರೆ ಕೆಸರಾಗದೆ ಇನ್ನೇನಾದೀತು? ಕೆಳಗಿನ ಪದರ ಒಣಗಲು ಬಿಡಿ.

ಎಲೆಯಿಂದ ಶುರು ಮಾಡಿ. ನಾನು ಅರಳಿ ಎಲೆ ಬಳಸುತ್ತೇನೆ. ನರ ಎದ್ದಿರುವ ಬೆನ್ನು ಬಣ್ಣಕ್ಕೆ ತಾಗುವಂತೆ ಇಟ್ಟು, ಮೇಲೆ ಕಾಗದ ಹಾಸಿ ಉಜ್ಜಿ ಎತ್ತಿದರೆ ಸುತ್ತಲಿನ ಬಣ್ಣವೆಲ್ಲ ಬಂದು ಎಲೆಯ ಜಾಗ ಖಾಲಿ ಉಳಿಯುತ್ತದೆ. ಬಹಳ ಜನ ಇಲ್ಲಿಗೇ ಪ್ಲೇಟ್ ಒರೆಸಿಬಿಡುತ್ತಾರೆ, ಅಯ್ಯೋ ಅನಿಸುತ್ತದೆ. ತೊಟ್ಟು ಹಿಡಿದು ಎಲೆಯನ್ನು ಮೆಲ್ಲಗೆ ಎತ್ತಿ ನೋಡಿ: ಅಡಿಯಲ್ಲಿ ಉಳಿದ ಬಣ್ಣದಲ್ಲಿ ನರದ ಜಾಲವೆಲ್ಲ ಕೂತಿರುತ್ತದೆ. ತಡಮಾಡದೆ ಎರಡನೆಯ ಕಾಗದ ಹಾಕಿ. ಇಷ್ಟು ಹೊತ್ತು ಪಟ್ಟ ಪಾಡೆಲ್ಲ ಆ ಅಚ್ಚಿಗಾಗಿ.

ಮ್ಯಾಗಜಿನ್ ಹಾಳೆಯನ್ನು ನೀವು ಐದು ನಿಮಿಷ ಪ್ಲೇಟಿನ ಮೇಲೆ ಬಿಟ್ಟಿದ್ದೀರಿ, ತಪ್ಪಿದ್ದು ಅಲ್ಲೇ. ಕಪ್ಪು ಅಕ್ರಿಲಿಕ್ಕನ್ನು ರೋಲರಿನಡಿ ಅಂಟು ಬಿಡಿಸಿದಂಥ ಚರಚರ ಸದ್ದು ಬರುವಷ್ಟು ತೆಳುವಾಗಿ ಹರಡಿ. ಕಪ್ಪು ಬಿಳುಪು ಎದ್ದು ಕಾಣುವ ಹೊಳಪು ಹಾಳೆಯನ್ನು ಕೂಡಲೇ ಕವುಚಿ, ಉಜ್ಜಿ, ಎತ್ತಿಬಿಡಿ. ಚಿತ್ರದ ಬಿಳಿ ಭಾಗ ಬಣ್ಣವನ್ನು ಹೀರಿಕೊಂಡು ಬರುತ್ತದೆ, ಶಾಯಿ ಇರುವ ಭಾಗ ಅದನ್ನು ಪ್ಲೇಟಿನಲ್ಲೇ ಬಿಡುತ್ತದೆ. ಅದು ಪೂರ್ತಿ ಒಣಗಿದ ಮೇಲೆ ತಿಳಿ ಬಣ್ಣ ಉರುಳಿಸಿ ಕಾಗದ ಹಾಕಿ. ಕಾಯಬೇಕಾದದ್ದು ಈಗ, ಆಗ ಅಲ್ಲ. ಎರಡು ಸಲ ಮಗುಚಿದ್ದರಿಂದ ಚಿತ್ರ ಸರಿದಿಕ್ಕಿನಲ್ಲೇ ಬರುತ್ತದೆ, ಅಕ್ಷರವಿದ್ದರೂ ಓದಬಹುದು. ಅಚ್ಚು ಮಾರುವ ಯೋಚನೆ ಇದ್ದರೆ ಮಾತ್ರ ನೀವೇ ತೆಗೆದ ಫೋಟೊದ ಲೇಸರ್ ಪ್ರಿಂಟ್ ಬಳಸಿ. ಮ್ಯಾಗಜಿನ್ ಫೋಟೊ ಇನ್ನೊಬ್ಬರ ಸ್ವತ್ತು.

ವಿಧಾನ ಹಾಗಲ್ಲ, ಅದನ್ನು ಇನ್ನೊಬ್ಬರಿಂದ ಅಳುಕಿಲ್ಲದೆ ಕಲಿಯಬಹುದು. ಫ್ರಾನ್ಸಿನ ಚಿತ್ರಕಾರ ಡೆಗಾಗೆ ಮೊನೊಟೈಪ್ (ಫಲಕದ ಮೇಲೆ ಬಣ್ಣದಲ್ಲಿ ಚಿತ್ರ ಬರೆದು ಕಾಗದಕ್ಕೆ ಒತ್ತಿ ತೆಗೆಯುವ ಅಚ್ಚು) ಹೇಳಿಕೊಟ್ಟವರು ಕಲಾವಿದ ಗೆಳೆಯ ಲೆಪಿಕ್; ಡೆಗಾ ಅವರ ಮೊದಲ ಮೊನೊಟೈಪ್ ಎನ್ನಲಾಗುವ 1870ರ ದಶಕದ ಅಚ್ಚಿನ ಮೇಲೆ ಇಬ್ಬರ ಸಹಿಯೂ ಇದೆ. ಆಮೇಲೆ ಡೆಗಾ ತನ್ನ ಲೋಹದ ಫಲಕದಿಂದ ಎರಡನೆಯ ಮಸುಕು ಅಚ್ಚು ತೆಗೆದು ಅದರ ಮೇಲೆ ಪೇಸ್ಟಲ್ ತೀಡತೊಡಗಿದರು. ನಿಮ್ಮ ಮಸುಕು ಹಾಳೆಗಳನ್ನೂ ಎಸೆಯಬೇಡಿ.

ಇನ್ನೊಂದು: ಪ್ಲೇಟನ್ನು ಅದರೊಂದಿಗೆ ಬಂದ ಪ್ಲಾಸ್ಟಿಕ್ ಹಾಳೆಗಳ ನಡುವೆಯೇ ಇಡಿ. ನಾನು ಒಂದು ರಾತ್ರಿ ದಿನಪತ್ರಿಕೆಯ ಮೇಲೆ ಬಿಟ್ಟಿದ್ದೆ. ಸೀರೆ ಅಂಗಡಿಯ ಜಾಹೀರಾತು ಕನ್ನಡಿ ಅಕ್ಷರದಲ್ಲಿ ಇಂದಿಗೂ ಅದರಲ್ಲಿದೆ.