ಗೆಳೆಯ ಬಿಟ್ಟುಹೋದ ಪ್ಲೇಟುಗಳು: ಬೆಲೆ ಆಮೇಲೆ ಕೇಳಿ, ಮೊದಲು ಸ್ಪಿರಿಟ್ ಬಾಟಲಿ ದೂರ ಇಡಿ

ತೀರಿಹೋದ ಗೆಳೆಯನ ಎರಡು ಸಾವಿರ ಗ್ರಾಮಫೋನ್ ರೆಕಾರ್ಡ್, ಅಂದರೆ ಹಾಡಿನ ಪ್ಲೇಟು, ನಿಮ್ಮ ಮನೆಗೆ ಬಂದಿವೆ. ಎಲ್ಲ ತೊಳೆದು ಒರೆಸಿ ಮಾರಿದರೆ ಎಷ್ಟು ಬರಬಹುದು, ಇಲ್ಲಾ ಹಾಗೇ ಇಟ್ಟುಕೊಳ್ಳಬೇಕಾ ಅಂತ ಕೇಳಿದ್ದೀರಿ. "ತೊಳೆದು ಒರೆಸಿ" ಅನ್ನೋದನ್ನ ಓದಿದ ಕೂಡಲೇ ಬರೆಯಲು ಕೂತೆ. ದಯವಿಟ್ಟು ಇವತ್ತು ಏನನ್ನೂ ಒರೆಸಬೇಡಿ.

2021ರ ಮೇ ತಿಂಗಳಲ್ಲಿ ನನ್ನ ಗೆಳೆಯ ಹೋದ. ಅವನು ಹುಬ್ಬಳ್ಳಿಯವನು. ನಾನು ಚನ್ನಪಟ್ಟಣದ ಕಡೆಯವನು, ರೈಲ್ವೆ ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಹೋಗಿ ಅಲ್ಲೇ ಉಳಿದವನು. ಮೂವತ್ತೊಂದು ವರ್ಷದ ಗೆಳೆತನ. ಕೊನೆಗೆ ಮುಖ ನೋಡೋಕೂ ಆಗಲಿಲ್ಲ, ಕೋವಿಡ್‌ನ ಆ ದಿನಗಳು ಹಾಗಿದ್ದವು. ಜುಲೈನಲ್ಲಿ ಅವನ ಹೆಂಡತಿ ಫೋನ್ ಮಾಡಿದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಅಂತಲೇ ಕರೆಯೋದು. "ಪ್ಲೇಟೆಲ್ಲಾ ನೀವ ಒಯ್ರಿ. ನಿಮಗ ಕೊಡಬೇಕಂತ ಹೇಳಿದ್ರು" ಅಂದರು. ಅಷ್ಟು ಹೇಳಿ ಫೋನ್ ಇಟ್ಟರು.

ಟಂಟಂ ಗಾಡಿಯಲ್ಲಿ ಮೂರು ಸಲ ಸಾಗಿಸಿದೆ. ಹದಿಮೂರು ನೂರು ಎಲ್‌ಪಿ, ಇಪಿ. ಉಳಿದ ಐದು ನೂರು ಅದಕ್ಕೂ ಹಳೇ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವಂಥವು), ತಗಡಿನ ಟ್ರಂಕುಗಳಲ್ಲಿ. ಮಳೆಗಾಲ ಬೇರೆ. ಎರಡು ಟ್ರಂಕಿನ ಒಳಗೆ ಬೂಷ್ಟು ಹಿಡಿದಿತ್ತು. ಅವನು ಮಗುವಿನ ಹಾಗೆ ನೋಡಿಕೊಂಡ ಪ್ಲೇಟಿನ ಮೇಲೆ ಬಿಳಿ ಬೂಷ್ಟು ನೋಡಿ ನನಗೆ ತಡೆಯೋಕೆ ಆಗಲಿಲ್ಲ. ಅವತ್ತೇ ಸ್ವಚ್ಛ ಮಾಡಲು ಕೂತೆ.

ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ.

ಒಂದು ವಿಡಿಯೋದಲ್ಲಿ ಎಲ್‌ಪಿಯನ್ನು ಸ್ಪಿರಿಟ್ ಬೆರೆಸಿದ ನೀರಿನಲ್ಲಿ ಒರೆಸೋದನ್ನು ತೋರಿಸಿದ್ದರು. ಆಗ ಎಲ್ಲರ ಮನೆಯಲ್ಲೂ ಸ್ಪಿರಿಟ್ ಇತ್ತಲ್ವಾ, ನಮ್ಮ ಮನೆಯಲ್ಲಿ ಐದು ಲೀಟರ್ ಕ್ಯಾನೇ ಇತ್ತು. ಹತ್ತಿ ನೆನೆಸಿ ಮೂವತ್ತು ಎಲ್‌ಪಿ ಒರೆಸಿದೆ. ಹೊಸದರ ಹಾಗೆ ಹೊಳೆದವು. ಹಾಡಿಸಿ ನೋಡಿದೆ, ಚೆನ್ನಾಗೇ ಹಾಡಿದವು. ಧೈರ್ಯ ಬಂತು. ಮರುದಿನ ಮಧ್ಯಾಹ್ನ 78ರ ಟ್ರಂಕು ತೆಗೆದೆ. ಈ ಸಲ ನೀರೂ ಬೆರೆಸಲಿಲ್ಲ, ಬೂಷ್ಟು ಜಾಸ್ತಿ ಇದೆ ಅಂತ ಬರೀ ಸ್ಪಿರಿಟ್ಟೇ ಹಾಕಿದೆ. ಉಜ್ಜಿದ ಹಾಗೆಲ್ಲ ಹತ್ತಿ ಕಪ್ಪಾಯಿತು. ಎಂಬತ್ತು ವರ್ಷದ ಕೊಳೆ ಬಿಡ್ತಾ ಇದೆ ಅಂತ ಖುಷಿಯಾಗಿ ಇನ್ನೂ ಉಜ್ಜಿದೆ. ಹನ್ನೊಂದು ಪ್ಲೇಟು ಮುಗಿಸಿದೆ.

ಕೋಣೆಯಲ್ಲಿ ಒಂದು ವಾಸನೆ ತುಂಬಿತ್ತು. ಗೊತ್ತಿರೋ ವಾಸನೆ. ಬಾಗಿಲಿಗೆ, ಕುರ್ಚಿಗೆ ಬಡಿಗರು ಪಾಲಿಶ್ ಹೊಡೆಯುವಾಗ ಬರುತ್ತಲ್ಲ, ಅದೇ. ಅವರ ಪಾಲಿಶ್ ಅಂದರೆ ಏನು? ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಕೈಯಲ್ಲಿದ್ದ ಹತ್ತಿಯನ್ನು ಅಲ್ಲೇ ಬಿಟ್ಟೆ.

78ರ ಪ್ಲೇಟು ಪ್ಲಾಸ್ಟಿಕ್ ಅಲ್ಲ. ಅರಗು, ಕಲ್ಲಿನ ಪುಡಿ, ಕಪ್ಪು ಬಣ್ಣ ಸೇರಿಸಿ ಬಿಸಿಯಲ್ಲಿ ಒತ್ತಿ ಮಾಡಿದ್ದು. ಅರಗು ನೀರಿಗೆ ಕರಗಲ್ಲ, ಸ್ಪಿರಿಟ್ಟಿಗೆ ಕರಗುತ್ತೆ. ಹತ್ತಿಗೆ ಬಂದಿದ್ದು ಕೊಳೆಯಲ್ಲ, ಪ್ಲೇಟೇ. ಹಾಡು ಇರೋದು ಆ ಸಣ್ಣ ಗೆರೆಗಳ ಅಂಚಿನಲ್ಲಿ. ಅದನ್ನೇ ನಾನು ಕರಗಿಸಿ ಒರೆಸಿ ತೆಗೆದಿದ್ದೆ. ಎಲ್‌ಪಿ ವಿನೈಲ್ ಅನ್ನೋ ಪ್ಲಾಸ್ಟಿಕ್, ಹಾಗಾಗಿ ಅದಕ್ಕೇನೂ ಆಗಿರಲಿಲ್ಲ. ಎರಡೂ ಕಪ್ಪಗೆ ದುಂಡಗೆ ಇವೆ ಅಂತ ಒಂದೇ ಜಾತಿ ಅಂದುಕೊಂಡಿದ್ದೇ ನನ್ನ ತಪ್ಪು.

ಗೊತ್ತಿಲ್ಲದೇ ಮಾಡಿದ್ದಾದರೆ ಇಷ್ಟು ನೋವಾಗುತ್ತಿರಲಿಲ್ಲ. ನಮ್ಮೂರಿನಲ್ಲಿ ಗೊಂಬೆಗೆ ಹಚ್ಚೋದು ಅರಗೇ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಶಾಖಕ್ಕೇ ಕರಗಿ ಹಿಡಿಯುತ್ತೆ, ಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಅದನ್ನ ನೋಡ್ತಾನೇ ಬೆಳೆದವನು ನಾನು. ನನ್ನ ಗೆಳೆಯ ಮೊದಲ ಸಲ 78ರ ಪ್ಲೇಟು ಕೈಗೆ ಕೊಟ್ಟಾಗ ಹೇಳಿದ ಮಾತೂ ಅದೇ: "ನಿಮ್ಮೂರ ಗೊಂಬಿಗೆ ಹಚ್ಚತಾರಲ್ಲ, ಅದ ಅರಗ ನೋಡಪಾ ಇದು."

ಆ ಹನ್ನೊಂದರಲ್ಲಿ ಒಂದು, ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಎಚ್‌ಎಂವಿ ಕಂಪನಿಯ ಪ್ಲೇಟು. ಆಗ ಅವರ ರೆಕಾರ್ಡ್ ಬರುತ್ತಿದ್ದದ್ದು "ಗಾಂಧಾರಿ" ಅನ್ನೋ ಹೆಸರಿನಲ್ಲಿ. ಮುಂದೆ ಗಂಟಲಿನ ಚಿಕಿತ್ಸೆ ಆಗಿ ದನಿ ದಪ್ಪವಾಯಿತು. ನಮಗೆಲ್ಲ ಗೊತ್ತಿರೋ ಆ ಗಂಭೀರ ದನಿ ಆಮೇಲಿನದು. ಈ ಪ್ಲೇಟಿನಲ್ಲಿ ಇದ್ದದ್ದು ತೆಳು ದನಿಯ ಎಳೇ ಹುಡುಗಿ. ಮನೆಗೆ ಯಾರೇ ಹೊಸಬರು ಬರಲಿ, ಅವನು ಹೆಸರು ಹೇಳದೇ ಅದನ್ನು ಹಾಕುತ್ತಿದ್ದ. "ಯಾರ ಹೇಳ್ರಿ?" ಅನ್ನುತ್ತಿದ್ದ. ಹುಬ್ಬಳ್ಳಿಯಲ್ಲೇ ಹುಟ್ಟಿ ಗಂಗೂಬಾಯಿ ಅವರನ್ನು ಎದುರು ಕೂತು ಕೇಳಿದವರಿಗೂ ಹೇಳೋಕೆ ಆಗುತ್ತಿರಲಿಲ್ಲ. ಕೊನೆಗೆ ಹೆಸರು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಅವತ್ತು ಸಂಜೆ ಅದನ್ನು ಹಾಕಿದೆ. ಮೂರು ನಿಮಿಷ ಬರೀ ಉಸ್ಸ್ ಅನ್ನೋ ಸದ್ದು. ದೂರದಲ್ಲಿ ಎಲ್ಲೋ ತಂಬೂರಿ ಇದ್ದ ಹಾಗಿತ್ತು, ಅಷ್ಟೇ.

ವೈನಿಗೆ ಒಂದೂವರೆ ವರ್ಷ ಹೇಳಲಿಲ್ಲ. ಹೇಳಿದ ದಿನ ಅವರು ಸುಮ್ಮನೆ ಚಹಾ ಮಾಡಿ ತಂದರು. "ಅವರ ಕೈಯಾಗೂ ಎಷ್ಟೋ ಒಡದಾವ. ನಮ್ಮ ಮುಂದ ಹೇಳ್ತಿದ್ದಿಲ್ಲ" ಅಂದರು. ಆಮೇಲೆ, "ನೀವು ಒಯ್ದ ಮ್ಯಾಲೆ ಮನಿ ಭಾಳ ಸಪ್ಪಳಿಲ್ಲದಂಗ ಆಗೇದ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಪ್ಲೇಟು ಉಳಿಸೋ ಅವಸರದಲ್ಲಿ ಆ ಮನೆಯ ಸದ್ದನ್ನೇ ಎತ್ತಿಕೊಂಡು ಬಂದಿದ್ದೆ. ಈಗ ಭಾನುವಾರ ಹತ್ತು ಪ್ಲೇಟು ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ. ಅವನ ಹಳೇ ಪ್ಲೇಯರ್ ಅಲ್ಲೇ ಬಿಟ್ಟಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ಮಾರಬೇಕಾ ಇಟ್ಟುಕೊಳ್ಳಬೇಕಾ ಅನ್ನೋದೇ ಈಗ ಕೇಳುವ ಪ್ರಶ್ನೆಯಲ್ಲ ಅಂತ ನನಗನ್ನಿಸುತ್ತೆ. ಗೆಳೆಯ ಹೋಗಿ ಎಷ್ಟು ದಿನ ಆಯಿತು ಅಂತ ನೀವು ಬರೆದಿಲ್ಲ. ಒಂದು ವರ್ಷ ಆಗಿಲ್ಲ ಅಂದರೆ ಒಂದನ್ನೂ ಮಾರಬೇಡಿ. ಹಳೇದು ಅಂದ ಮಾತ್ರಕ್ಕೆ ದುಡ್ಡು ಬರಲ್ಲ. ಮನೆಮನೆಯಲ್ಲೂ ಇದ್ದ ಸಿನಿಮಾ ಎಲ್‌ಪಿಗೆ ಯಾರೂ ದೊಡ್ಡ ಬೆಲೆ ಕೊಡಲ್ಲ. ವ್ಯಾಪಾರಿಯನ್ನು ಮನೆಗೆ ಕರೆದರೆ ಒಳ್ಳೇ ನಲವತ್ತನ್ನು ಆರಿಸಿಕೊಂಡು ಹೋಗುತ್ತಾನೆ, ಉಳಿದ ರಾಶಿ ನಿಮಗೆ ಬಿಟ್ಟು. ಹಾಗಂತ ಎಲ್ಲವನ್ನೂ ಮುಚ್ಚಿಟ್ಟು ಪೂಜೆ ಮಾಡೋದೂ ಬೇಡ. ಮೊದಲು ಅವರ ಮನೆಯವರನ್ನು ಕೂರಿಸಿಕೊಂಡು ಕೇಳಿ. ಅವರಿಗೆ ಬೇಕಾದದ್ದು ಅವರ ಹತ್ತಿರ ಉಳಿಯಲಿ. ನಾನು ಇದನ್ನು ಕೇಳಲೇ ಇಲ್ಲ.

ಕಾಗದದ ಕವರು ಹರಿದಿದ್ದರೂ ಎಸೆಯಬೇಡಿ. ಆ ಗಾಂಧಾರಿ ಪ್ಲೇಟಿನ ಕವರಿನ ಮೇಲೆ ಅವನ ಅಕ್ಷರದಲ್ಲಿ "ಗದಗ, ಜಾತ್ರಿ, 18 ರೂಪಾಯಿ" ಅಂತಿದೆ. ಈಗ ನನ್ನ ಹತ್ತಿರ ಉಳಿದಿರೋದು ಅದೇ. ಮುಂದೆ ಯಾರಿಗಾದರೂ ಕೊಡುವುದಾದರೆ ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರ ಸಂಗೀತ ಭಂಡಾರ ಇದೆ, 1982ರಿಂದ ಇಂಥ ಸಂಗ್ರಹಗಳನ್ನು ಕಾಪಾಡುತ್ತಾ ಬಂದಿದ್ದಾರೆ. ಅವರಿಗೆ ಬರೆದು ಕೇಳಬಹುದು.

ಇವತ್ತಿಗೆ ಮಾಡಬೇಕಾದ್ದು ಇಷ್ಟೇ. ಲೇಬಲ್ ನೋಡಿ ಬೇರೆ ಮಾಡಿ. ದಪ್ಪಗೆ, ಭಾರವಾಗಿ, ಬಗ್ಗದೇ ಇದ್ದರೆ 78. ಅದು ಕೈತಪ್ಪಿ ಬಿದ್ದರೆ ಹಂಚಿನ ಹಾಗೆ ಒಡೆಯುತ್ತೆ, ಎರಡೂ ಕೈಯಲ್ಲಿ ಹಿಡಿಯಿರಿ. ಪ್ಲೇಯರ್‌ನಲ್ಲಿ ಎಲ್‌ಪಿಗೆ ಹಾಕುವ ಮುಳ್ಳಿನಲ್ಲಿ (ಸೂಜಿ) ಅದನ್ನು ಹಾಡಿಸಬೇಡಿ, ಅದರ ಗೆರೆ ಅಗಲ, ಮುಳ್ಳು ಬೇರೆ. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ಒಂದು ಗೇಣು ದೂರ. ನೂರು ಎಲ್‌ಪಿ ಅಂದರೆ 20 ಕೆಜಿಗೂ ಜಾಸ್ತಿ, ತೆಳು ಹಲಗೆ ತಡೆಯಲ್ಲ. ಬೂಷ್ಟಿದ್ದರೆ ಒಣ ಮೆತ್ತನೆ ಬಟ್ಟೆ ಸಾಕು. ತೀರಾ ಬೇಕು ಅಂದರೆ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯೋ ಸೋಪು ಒಂದೇ ಹನಿ ಹಾಕಿ, ಲೇಬಲ್ ನೆನೆಯದ ಹಾಗೆ ಒರೆಸಿ ತಕ್ಷಣ ಒಣಗಿಸಿ.

ನಿಮ್ಮ ರಾಶಿಯಲ್ಲಿ ಲೇಬಲ್ ಮೇಲೆ ಗಾಂಧಾರಿ ಅಂತ ಇರೋ ಪ್ಲೇಟು ಸಿಕ್ಕರೆ ನನಗೊಂದು ಮಾತು ತಿಳಿಸಿ. ಕೊಳ್ಳೋಕಲ್ಲ. ವೈನಿಯನ್ನು ಕರೆದುಕೊಂಡು ಬಂದು ಒಂದು ಸಲ ಕೇಳಿ ಹೋಗುತ್ತೇವೆ.